ಹೆಂಡತಿ ಹಾಕಿಸಿದ ಡೈನಮೋ

ಕೋಳಿಗೂಡಿನ ಗಂಟನ್ನು ಅರ್ಧ ಬಿಚ್ಚುವಷ್ಟರಲ್ಲಿ ನಾಗರತ್ನಮ್ಮನ ಕೈ ನಿಂತಿತು. ಹಿಂದಿನ ಸಂಜೆ ಕೋಳಿಗಳನ್ನು ಒಳಗಟ್ಟಿ ಅವಳೇ ಬಾಗಿಲು ಬಿಗಿದಿದ್ದಳು, ಲಾರಿಯಿಂದ ಬಿಚ್ಚಿದ ಹಳೆಯ ಫ್ಯಾನ್‌ಬೆಲ್ಟಿನಿಂದ. ಈಗ ಅಲ್ಲಿದ್ದದ್ದು ತೆಂಗಿನ ನಾರಿನ ಹಗ್ಗ. ಕೋಳಿಗಳೆಲ್ಲ ಒಳಗೇ ಇದ್ದವು. ಗಂಡ, ಲಾರಿಯ ಮಾಲೀಕ ದಯಾನಂದ, ಇನ್ನೂ ಎದ್ದಿರಲಿಲ್ಲ. ಅಂಗಳದಿಂದ ಡ್ರೈವರ್ ಲಕ್ಕಯ್ಯ ಕಾಫಿ ಮೂಟೆಗಳ ಲಾರಿ ಹೊರಡಿಸಿದ ಸದ್ದು ಬಂತು. ಅವಳು ಹಗ್ಗ ಬಿಚ್ಚಿ ಕಾಳು ಚೆಲ್ಲಿದಳು.

ಹಾನುಬಾಳಿನಲ್ಲಿ ಏನು ಕಳೆದರೂ ಜನ ಮೊದಲು ಹೋಗುತ್ತಿದ್ದದ್ದು ನಿವೃತ್ತ ವೆರೋನಿಕಾ ಟೀಚರ ಬಳಿಗೆ. ಟೀಚರು ಹುಡುಕಲು ಹೊರಟರೆ ನಾಗರತ್ನಮ್ಮ ಜೊತೆಗಿರಲೇಬೇಕು. ಮರುದಿನ ಇಬ್ಬರೂ ಟೀಚರ ಜಗಲಿಯಲ್ಲಿ ಕೂತಿದ್ದಾಗ ಲಕ್ಕಯ್ಯ ಓಡಿಬಂದ.

"ಟೀಚರೇ, ನೀವೇ ಕಾಪಾಡ್ಬೇಕು. ರಾತ್ರಿ ಬಿಸ್ಲೆ ಘಾಟಿನಾಗೆ ಲೈಟೇ ಹೋಗ್ಬುಡ್ತು. ಬಾನೆಟ್ ಎತ್ತಿದ್ರೆ ಹೊಸ ಡೈನಮೋ ಮಾಯ, ಹಳೇದು ಕುಂತೈತೆ! ದಯಾನಂದ ಸಾವ್ಕಾರ್ರು ನೀನೇ ಮಾರ್ಕಂಡೆ ಅಂತಾರೆ. ಸಂಜೆಗೆ ಕಂಪ್ಲೇಂಟ್ ಕೊಡ್ತಾರಂತೆ. ಕಳ್ಳ ಅನ್ನುಸ್ಕಂಡ್ ಮೇಲೆ ಯಾರ್ ನನ್ ಕೈಗೆ ಗಾಡಿ ಕೊಡ್ತಾರೆ?"

ಆ ಡೈನಮೋ ಹಾಕಿಸಿದವಳೇ ನಾಗರತ್ನಮ್ಮ. ಹಳೆಯ ಡೈನಮೋ ಸೋತು ಲಾರಿಯ ಲೈಟು ಮಿಣುಕುಹುಳುವಿನಂತಾಗಿತ್ತು. ಹೊಸತು ಕೊಳ್ಳುವ ತಾಕತ್ತಿರಲಿಲ್ಲ. ಮೆಕ್ಯಾನಿಕ್ ಪ್ರತಾಪ ಹಾಸನದ ಗುಜರಿಯಿಂದ ದೊಡ್ಡ ಗಾಡಿಯದೊಂದನ್ನು ತಂದು, ಅದು ಕೊಡುವ ಹೆಚ್ಚಿನ ಕರೆಂಟಿಗೆ ದಪ್ಪ ತಾಮ್ರದ ವೈರೆಳೆದು, ಉದ್ದನೆಯ ಬೆಲ್ಟ್ ಹಾಕಿ ಕೂರಿಸಿದ್ದ. ಹಳೆಯದನ್ನು ಲಾರಿಯಲ್ಲೇ ಗೋಣಿಯಲ್ಲಿ ಸುತ್ತಿಟ್ಟಿದ್ದ. ಖರ್ಚೆಲ್ಲ ನಾಗರತ್ನಮ್ಮನ ಹಿತ್ತಲ ಮೆಣಸಿನ ದುಡ್ಡು. ಹಿತ್ತಲ ಬಳ್ಳಿಯ ಮೆಣಸು ಹೆಂಗಸರದ್ದು, ಅದನ್ನು ಗಂಡಸರು ಕೇಳುವಂತಿರಲಿಲ್ಲ. ಗಂಡ ಬೇಡವೆನ್ನಲಿಲ್ಲ, ಒಳ್ಳೆಯದಾಯಿತು ಎಂದೂ ಅನ್ನಲಿಲ್ಲ.

ಟೀಚರು ಲಾರಿಯ ಬಾನೆಟ್ಟಿನೊಳಗೆ ಬಗ್ಗಿ ಬಹಳ ಹೊತ್ತು ನೋಡಿದರು. ಬೆಲ್ಟನ್ನು ಮೂಸಿ ಮುಖ ಸಿಂಡರಿಸಿದರು. ಪ್ರತಾಪನನ್ನು ಕರೆಸಿ, ದಯಾನಂದನೂ ಸೇರಿ ಎಲ್ಲರನ್ನೂ ಅವನ ಅಂಗಳದಲ್ಲಿ ಕೂರಿಸಿದರು.

"ಪ್ರತಾಪ, ನೀನು ಹಾಕಿದ ಉದ್ದನೆ ಬೆಲ್ಟು ಹಳೇ ಡೈನಮೋಗೆ ಕೂರುತ್ತಾ?"

"ಇಲ್ಲ ಟೀಚರ್, ಸಡ್ಲ ಆಯ್ತದೆ. ಹಳೇ ಬೆಲ್ಟೇ ಬೇಕು."

"ಈಗ ಇರೋದು ಹಳೇದೇ. ಮೇಲೆ ಕೋಳಿ ಹಿಕ್ಕೆ ಒಣಗಿದೆ. ನಾಗರತ್ನ, ಬೆಲ್ಟು ಎಲ್ಲಿತ್ತು?"

"ಗೂಡಿಗೆ ಕಟ್ಟಿದ್ದೆ. ನಿನ್ನೆ ಬೆಳಗ್ಗೆ ಅಲ್ಲಿ ಹಗ್ಗ ಇತ್ತು."

"ದುಡ್ಡಿನ ಆಸೆಯ ಕಳ್ಳ ತಾಮ್ರದ ವೈರು ಬಿಡ್ತಿರಲಿಲ್ಲ. ಅದು ಹಾಗೇ ಇದೆ. ಲಕ್ಕಯ್ಯ ಕದ್ದಿದ್ದರೆ ಸತ್ತ ಡೈನಮೋ ನಂಬಿ ಘಾಟಿಗೆ ಇಳಿಯುತ್ತಲೂ ಇರಲಿಲ್ಲ, ಬಂದು ತಾನೇ ಬೊಬ್ಬೆ ಹಾಕುತ್ತಲೂ ಇರಲಿಲ್ಲ. ಇನ್ನು ಆ ಹಗ್ಗ. ಹೊರಗಿನವನು ಕತ್ತಲಲ್ಲಿ ಬೆಲ್ಟು ಎಳೆದುಕೊಂಡು ಓಡುತ್ತಾನೆ. ಮುಂಗುಸಿ ಬಂದೀತು ಅಂತ ಹಗ್ಗ ಹುಡುಕಿ ಬಾಗಿಲು ಕಟ್ಟೋದು ಆ ಕೋಳಿಯ ಸಾರು ಉಣ್ಣುವವನು ಮಾತ್ರ. ಈ ಮನೆಯಲ್ಲಿ ಇರೋದು ಇಬ್ಬರು. ಒಬ್ಬಳು ಕಟ್ಟಿಲ್ಲ." ಟೀಚರು ತಿರುಗಿದರು. "ದಯಾನಂದ, ನಿನಗೆ ಮಗ್ಗಿ ಕಲಿಸಿದವಳು ನಾನು. ಲಾರಿ ಓಡಿಸಿ, ಸ್ಪಾನರ್ ಹಿಡಿದು ಬೆಳೆದವನು ನೀನು. ಟೀ ಅಂಗಡಿಯಲ್ಲಿ ನಿನ್ನ ಗಾಡಿಗೆ ಏನಂತಾರೆ?"

ದಯಾನಂದನ ಬದಲು ಪ್ರತಾಪ ಬಾಯಿಬಿಟ್ಟ: "ಹೆಂಡ್ತಿ ಕರೆಂಟಲ್ಲಿ ಓಡೋ ಗಾಡಿ ಬಂತು ಕಣ್ರಪ್ಪೋ, ಅಂತಾರೆ."

"ದಿನಾ ಅದೇ!" ದಯಾನಂದ ಸಿಡಿದ. "ಅವಳ ಡೈನಮೋನೂ ಕೈ ಕೊಡ್ತು ಅಂತ ಆಗ್ಬಿಟ್ರೆ ಬಾಯಿ ಮುಚ್ಕೋತಾರೆ ಅಂದ್ಕಂಡು ಹಳೇದ್ನ ಕೂರ್ಸ್ದೆ. ಇವ್ನು ಬಾನೆಟ್ ಎತ್ತಿ ನೋಡ್ತಾನೆ ಅಂತ ಯಾರಿಗ್ ಗೊತ್ತು ಮಾರಾಯ?"

"ಲೈಟ್ ಹೋದಾಗ ಒಳಗಿದ್ದವ್ನು ನಾನು, ಸಾವ್ಕಾರ್ರೇ," ಎಂದ ಲಕ್ಕಯ್ಯ. ಲಾರಿಯ ಕೀಲಿಯನ್ನು ಮೆಟ್ಟಿಲ ಮೇಲಿಟ್ಟ. ತಿರುಗಿ ನೋಡದೆ ನಡೆದ. ದಯಾನಂದ ಕರೆಯಲಿಲ್ಲ.

ಹೊಸ ಡೈನಮೋ ಮನೆಯ ಉಗ್ರಾಣದಲ್ಲಿ, ಕಾಫಿ ಹೊಟ್ಟಿನ ರಾಶಿಯಲ್ಲಿ ಸಿಕ್ಕಿತು. ಟೀಚರು ನಾಗರತ್ನಮ್ಮನ ಭುಜ ಒತ್ತಿ ಹೊರಟರು. ಇಷ್ಟು ದಿನ ಬೇರೆಯವರ ಮನೆಗಳಲ್ಲಿ ಇಂಥ ಗಳಿಗೆ ನೋಡಿ, ಪಾಪ ಆ ಹೆಂಗಸು, ಎಂದುಕೊಂಡು ಬರುತ್ತಿದ್ದವಳು ಅವಳು.

ಊಟಕ್ಕೆ ಕೂತಾಗ ದಯಾನಂದ ತಟ್ಟೆ ನೋಡುತ್ತಲೇ ಹೇಳಿದ: "ಮರ್ಯಾದೆ ಹೋಗಿದ್ದು ಹೋಯ್ತು. ನಾಳೆ ಪ್ರತಾಪನ್ನ ಕರ್ಸಿ ಅದನ್ನೇ ಹಾಕ್ಸು. ಸಾರು ಬಿಡು."

"ಹೂಂ," ಎಂದಳು.

ಪ್ರತಾಪನನ್ನು ಕರೆಸುವುದು ನಿಜ. ಹಾಕಿಸುವುದಕ್ಕಲ್ಲ, ಎತ್ತಿಕೊಂಡು ಹೋಗಿ ಬೇರೆ ಯಾರ ಗಾಡಿಗಾದರೂ ಮಾರು ಎನ್ನುವುದಕ್ಕೆ. ಇವರು ಹಳೆಯದರಲ್ಲೇ ಹಗಲು ಹೊತ್ತು ಓಡಿಸಲಿ, ಓಡಿದಷ್ಟು ಓಡಲಿ. ನಾಗರತ್ನಮ್ಮ ಸಾರು ಬಿಟ್ಟಳು, ಉಪ್ಪಿನಕಾಯಿ ಬಡಿಸಿದಳು.