ಅಟ್ಟದ ಮೇಲಿನ ಪಾಲು

ಒಂದೇ ಒಂದು ನಿಮಿಷ ನಿಲ್ಲಿ! ಬೆರಳು ಸರಿಸಿ ಮುಂದಿನ ಕಥೆಗೆ ಹೋಗಿಬಿಡಬೇಡಿ. ಅಜ್ಜಂಪುರದ ಭುವನಾಳ ಈ ಕಥೆಯನ್ನು ಪೂರ್ತಿ ಕೇಳಿ. ಕೊನೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳುವುದಿದೆ…

ಭುವನಾ ಹಿರೇನಲ್ಲೂರಿನ ಹತ್ತಿರದ ಆ ತೋಟದ ಮನೆಗೆ ಹೋದಾಗ ಮಟಮಟ ಮಧ್ಯಾಹ್ನ. ಕೊಬ್ಬರಿ ಅಟ್ಟಕ್ಕೆ ಏಣಿ ಹಾಕಿತ್ತು. ಮೇಲೆ ಯಾರೋ ಕಾಯಿ ಸರಿಸುತ್ತಿದ್ದ ಸದ್ದು.

"ಯಾರಾದ್ರೂ ಇದೀರಾ? ಗಿಟುಕು ಕೊಬ್ಬರಿ ಬೇಕಿತ್ತು!"

"ಬಂದೆ ತಡೀರಿ…"

ಆ ದನಿ! ಅವಳು ತಟ್ಟನೆ ತಲೆಯೆತ್ತಿದಳು.

ಏಣಿ ಇಳಿಯುತ್ತಿದ್ದವನ ತಲೆ ತುಂಬ ನಾರು, ಧೂಳು. ಅರ್ಧ ಇಳಿದವನು ಅಲ್ಲೇ ನಿಂತುಬಿಟ್ಟ.

"ಭುವನಾ…?"

"ಭೈರೇಶ…!"

ಕಡೂರಿನ ಕಾಲೇಜಿನಲ್ಲಿ ಇಬ್ಬರದೂ ಒಂದೇ ಕ್ಲಾಸು. ಸಂಜೆ ಅವಳು ಅಜ್ಜಂಪುರದ ರೈಲಿಗೆ ಸ್ಟೇಷನ್ನಿಗೆ ಹೋದರೆ ಅವನೂ ಬರುತ್ತಿದ್ದ. ಅವನ ಬಸ್ಸು ಇದ್ದದ್ದು ಬಸ್‌ ಸ್ಟ್ಯಾಂಡಿನಲ್ಲಿ! ಕೇಳಿದರೆ, "ಸ್ಟೇಷನ್ ಟೀ ಚೆನ್ನಾಗಿರ್ತದೆ" ಅನ್ನುತ್ತಿದ್ದ. ರೈಲು ಹೊರಟ ಮೇಲೂ ಲೋಟ ಹಿಡಿದು ನಿಂತಿರುತ್ತಿದ್ದ. ಕೊನೆಯ ಪರೀಕ್ಷೆಯ ದಿನವೂ ಹಾಗೇ ನಿಂತಿದ್ದ. ಅವನು ಏನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ… ರೈಲು ಹೋಯಿತು, ಅಷ್ಟೇ.

ಈಗ ಹೀಗೆ ಎದುರೆದುರು!

"ಕೊಬ್ಬರಿ ಯಾಕೆ? ಮದ್ವೆನಾ?" ಅವನು ಏಣಿಯ ಮೇಲಿಂದಲೇ ಕೇಳಿದ.

"ಥೂ, ಮದ್ವೆಯಲ್ಲ ಕಣೋ, ವ್ಯಾಪಾರ! ಆನ್‌ಲೈನಲ್ಲಿ ಪೇಜ್ ಮಾಡಿದೀನಿ."

"ಭೇಷ್! ಬಂಡವಾಳ?"

"ಆನ್‌ಲೈನಿಗೆ ಬಂಡವಾಳ ಯಾಕೋ? ಫೋನ್ ಐತೆ, ನೆಟ್ ಐತೆ. ಫೋಟೋ ಹಾಕ್ತೀನಿ, ಆರ್ಡರ್ ಬತ್ತದೆ, ನಿನ್ ಹತ್ರ ತಗೊಂಡು ಕಳಿಸ್ತೀನಿ. ದುಡ್ಡು ಬಂದ್ಮೇಲೆ ನಿಂಗೆ ಕೊಡ್ತೀನಿ."

ಭೈರೇಶ ತಲೆ ಕೆರೆದುಕೊಂಡ. "ಹಂಗಾಗಲ್ಲ ಕಣೇ. ಇಡೀ ಕಾಯಿ ಅಟ್ಟದ ಮೇಲೆ ವರ್ಷದ ಹತ್ರ ಹತ್ರ ಕೂತು, ಒಳಗಿನ ನೀರೆಲ್ಲ ಇಂಗಿದ್ರೆ ಗಿಟುಕು. ಈಗಿರೋದು ಬೇರೆಯೋರಿಗೆ ಮಾತು ಕೊಟ್ಟಿರೋ ಮಾಲು. ನೀನು ದುಡ್ಡು ಹಾಕಿ ಈ ಸಲದ ಕಾಯಿ ತಗೋ. ನಿನ್ ಹೆಸರಲ್ಲೇ ಅಟ್ಟಕ್ಕೆ ಹಾಕೋಣ."

"ವರ್ಷ ಕೂರ್ಬೇಕಾ? ನನ್ ಮೇಲೆ ನಂಬಿಕೆ ಇಲ್ಲ ಅಂತ ನೇರವಾಗಿ ಹೇಳೋ!"

"ನಂಬಿಕೆ ಮಾತಲ್ಲ ಇದು. ಕೈಯಲ್ಲಿ ಮಾಲಿಲ್ದೆ…"

"ಬಿಡು. ಗೊತ್ತಾಯ್ತು."

ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಕೂತಳು ಭುವನಾ. 'ನಾನು ಇವನಿಗೆ ಬರೀ ಗಿರಾಕಿ! ಅಷ್ಟು ದಿನ ಸ್ಟೇಷನ್ನಿಗೆ ಬಂದಿದ್ದು ನಿಜಕ್ಕೂ ಟೀಗೇ ಇರಬೇಕು…'

ಹಟಕ್ಕೆ ಬಿದ್ದು ತರೀಕೆರೆಯಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಸಾಲಕ್ಕೆ ಕೊಬ್ಬರಿ ತಂದಳು. ಪೇಜಿಗೆ ಹಾಕಿದ್ದು ಇನ್ಯಾರದೋ ಕೊಬ್ಬರಿಯ ಫೋಟೋ. ಕೊಬ್ಬರಿಯನ್ನು ಒಡೆದು ನೋಡಲೂ ಇಲ್ಲ. ಆರ್ಡರ್ ಬಂದವು, ಕಳಿಸಿದಳು, ಕುಣಿದಾಡಿದಳು!

ಒಂದು ಬೆಳಿಗ್ಗೆ ಮೈಸೂರಿನಿಂದ ಯಾರೋ ಅಜ್ಜಿಯ ಫೋನು.

"ಸೊಸೆ ಮಡಿಲು ತುಂಬೋಕೆ ತರ್ಸಿದ್ದೆ ಕಣಮ್ಮ. ಶಾಸ್ತ್ರ ಮುಗಿದ್ಮೇಲೆ ಒಡೆದ್ರೆ ಒಳಗೆಲ್ಲ ಬೂಷ್ಟು. ದುಡ್ಡು ಹೋಗ್ಲಿ ಬಿಡು ತಾಯಿ. ತುಂಬಿದ ಬಸುರಿ ಮಡಿಲಿಗೆ ಇಂಥದ್ದು ಹಾಕ್ಬಿಟ್ನಲ್ಲಾ ಅಂತ ನಂಗೆ ಸಂಕ್ಟ…"

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅಜ್ಜಿ ಬೈಯಲಿಲ್ಲ! ಭುವನಾ ಫೋನ್ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಎಲ್ಲರ ದುಡ್ಡನ್ನೂ ವಾಪಸ್ ಮಾಡಿ ಪೇಜು ಮುಚ್ಚಿದಳು.

ಆಮೇಲೆ ತರೀಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ವ್ಯಾಪಾರಿಯ ಬಾಕಿ ತೀರಿಸಿದಳು, ಚೀಟಿ ಕಟ್ಟಿದಳು. ಚೀಟಿ ಎತ್ತಿದ ದಿನ ತಾಯಿ ಶಕುಂತಲಮ್ಮ ಹಣೆ ಚಚ್ಚಿಕೊಂಡರು.

"ಒಂದೆಳೆ ಸರ ಮಾಡಿಸ್ಕೊಳ್ಳೇ ಅಂದ್ರೆ ತೆಂಗಿನಕಾಯಿ ತಗೋತೀನಿ ಅಂತೀಯಲ್ಲೇ! ಜನ ನಗಲ್ವಾ?"

"ನಗ್ಲಿ ಬಿಡಮ್ಮ. ಈ ಸಲ ನಂದೇ ದುಡ್ಡು, ನಂದೇ ಮಾಲು."

ಮತ್ತೆ ಅದೇ ತೋಟ. ಭೈರೇಶ ದುಡ್ಡು ಎಣಿಸಿಕೊಂಡು ಅವಳ ಕಾಯಿ ಮೇಲೇರಿಸಿದ. ಅಟ್ಟದ ಅರ್ಧಕ್ಕೆ ಬಿದಿರು ಗಳ ಅಡ್ಡ ಕಟ್ಟಿ, "ಇದು ನಿನ್ ಪಾಲು" ಅಂದ.

ಅಟ್ಟದ ಮೇಲಿನ ಕಾಯಿಗೆ ನೀರು ಹಾಕುವ ಹಾಗಿಲ್ಲ, ಸುಮ್ಮನೆ ಬಿಡಬೇಕು. ಆದರೂ ಭುವನಾ ಭಾನುವಾರ ಬಂತೆಂದರೆ ಬಸ್ಸು ಹತ್ತಿಬಿಡುತ್ತಿದ್ದಳು!

ಭೈರೇಶನ ತಾತ ದೊಡ್ಡಬೀರಪ್ಪ ಜಗಲಿಯಲ್ಲಿ ಕೂತು ಕೆಣಕುತ್ತಿದ್ದರು. "ಏನವ್ವಾ, ಕಾಯಿ ಎದ್ದು ಓಡೋಗ್ಬಿಟ್ಟಾವು ಅಂತ ವಾರವಾರ ನೋಡೋಕೆ ಬತ್ತೀಯಾ?"

"ಹೂಂ ತಾತ. ನಿಮ್ ಮೊಮ್ಮಗನ ಮೇಲೆ ನಂಬಿಕೆ ಇಲ್ಲ!"

ಆ ಭಾನುವಾರಗಳು… ಇವತ್ತಿಗೂ ಒಣ ಸಿಪ್ಪೆಯ ವಾಸನೆ ಬಂದರೆ ಸಾಕು, ಅವಳ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತದೆ. ಏಣಿಯ ಬುಡದಲ್ಲಿ ಕೂತು ಮಂಡಕ್ಕಿ ತಿನ್ನುತ್ತ ಕಾಲೇಜಿನ ಮಾತು ಆಡುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಲೇ, ಆ ಸ್ಟೇಷನ್ ಟೀ ನಿಜವಾಗ್ಲೂ ಅಷ್ಟು ಚೆನ್ನಾಗಿತ್ತೇನೋ?"

"ಬಾಯಿಗಿಡೋಕಾಗ್ತಿರ್ಲಿಲ್ಲ ಕಣೇ!"

ಇಬ್ಬರೂ ನಕ್ಕರು. 'ಈಗ ಹೇಳ್ತಾನೆ… ಈಗ…' ಅವಳು ಅವನ ಮುಖವನ್ನೇ ನೋಡಿದಳು. ಅವನು ಮಂಡಕ್ಕಿಯ ಪೊಟ್ಟಣ ಮಡಚಿ ಎದ್ದುಬಿಟ್ಟ. ಅಟ್ಟವೂ ಬಾಡಿಗೆಯದು, ತೋಟವೂ ಗುತ್ತಿಗೆಯದು. ತನ್ನದೆಂದು ಹೇಳಿಕೊಳ್ಳಲು ಏನಿದೆ ಅನ್ನುವ ಅಳುಕು ಅವನಿಗೆ.

ಕಾಯಿ ಒಣಗಲು ಇನ್ನು ಸ್ವಲ್ಪವೇ ದಿನ ಇತ್ತು. ಅಷ್ಟರಲ್ಲಿ ಶಿವಮೊಗ್ಗದಿಂದ ಭುವನಾಳನ್ನು ನೋಡಲು ಗಂಡಿನ ಕಡೆಯವರು ಬಂದರು. ಬ್ಯಾಂಕಿನ ಕೆಲಸ, ಒಳ್ಳೇ ಜನ. "ಹುಡುಗಿ ಒಪ್ಪಿಗೆ" ಎಂದು ಹೋದರು. ಭುವನಾ ಹೂಂ ಅನ್ನಲಿಲ್ಲ, ಊಹೂಂ ಎನ್ನಲು ಬಾಯಿ ಬರಲಿಲ್ಲ. ಸುದ್ದಿ ಮಾತ್ರ ಅವಳಿಗಿಂತ ಮೊದಲೇ ಬಸ್ಸು ಹತ್ತಿ ಹಿರೇನಲ್ಲೂರು ಸೇರಿತ್ತು!

ಆ ಭಾನುವಾರ ತೋಟದ ಮುಂದೆ ಒಂದು ಪಿಕಪ್ ಗಾಡಿ ನಿಂತಿತ್ತು. ಭೈರೇಶ ಅಟ್ಟದ ಮೇಲಿನಿಂದ ಕಾಯಿ ಕೊಡುತ್ತಿದ್ದ, ತಾತ ಕೆಳಗೆ ನಿಂತು ಇಸಿದುಕೊಳ್ಳುತ್ತಿದ್ದರು.

"ಯಾರ ಕಾಯಿ ಅದು?" ಭುವನಾ ಕೂಗಿದಳು.

"ನಿಂದೇ. ರೇಟು ಯಾವತ್ತೂ ಇಲ್ದಷ್ಟು ಏರೈತೆ. ಪೂರ್ತಿ ಒಣಗ್ದಿದ್ರೂ ಪರವಾಗಿಲ್ಲ, ಎಣ್ಣೆಗೆ ತಗೋತೀನಿ ಅಂತ ಸಾವ್ಕಾರ್ರು ಬಂದವ್ರೆ. ಮದ್ವೆಗೆ ದುಡ್ಡು ಬೇಕಲ್ಲ ನಿಂಗೆ…"

"ನನ್ ಕೇಳಿದ್ಯಾ?"

"ಕೇಳೋದೇನೈತೆ? ಶಿವಮೊಗ್ಗಕ್ಕೆ ಹೋದ್ಮೇಲೆ ಇದನ್ನ ನೋಡೋಕೆ ಬತ್ತೀಯಾ?"

ಅವಳ ಮೈಯೆಲ್ಲ ಉರಿದುಹೋಯಿತು. 'ನನ್ನ ಕಳಿಸೋಕೆ ಇಷ್ಟು ಅವಸರವಾ ಇವನಿಗೆ!'

ಸಾವುಕಾರರು ನೋಟಿನ ಕಟ್ಟನ್ನು ಅವಳ ಮುಂದೆ ಹಿಡಿದರು. "ಯೋಚ್ನೆ ಮಾಡಮ್ಮ. ಹಾಕಿದ್ದಕ್ಕೆ ಡಬಲ್ ಐತೆ. ಮುಂದಿನ ತಿಂಗ್ಳು ಈ ರೇಟು ಇರಲ್ಲ."

ಭುವನಾ ಆ ಕಟ್ಟನ್ನು ನೋಡಿದಳು. ಚೀಟಿ ಕಟ್ಟಿದ ಅಷ್ಟೂ ತಿಂಗಳು, ಕೇಳಿದ ನಗು ಎಲ್ಲವೂ ಒಂದೇ ಏಟಿಗೆ ಕೈಗೆ ಬರುತ್ತಿತ್ತು. ಅಮ್ಮನ ಮುಖ ಕಣ್ಣಿಗೆ ಕಟ್ಟಿತು…

"ಬೇಡ ಸಾವ್ಕಾರ್ರೇ. ಈ ಕಾಯಿ ಎಣ್ಣೆಗಲ್ಲ. ನಾನು ಇಟ್ಟಿದ್ದು ಮಡಿಲಿಗೆ ಹಾಕೋ ಕೊಬ್ಬರಿಗೆ."

ಹಾಗೆಂದವಳು ಏಣಿ ಹತ್ತಿ ಅಟ್ಟದ ಬಾಯಿಗೆ ಅಡ್ಡ ನಿಂತಳು. "ಇನ್ನೊಂದು ಕಾಯಿ ಇಳಿದ್ರೆ ನೋಡು!"

"ಭುವನಾ, ಹುಚ್ಚಾಟ ಬೇಡ. ಆ ಹುಡುಗನ ಕಡೆಯೋರು…"

"ಆ ಹುಡುಗನಿಗೆ ನಾನು ಹೂಂ ಅಂದಿಲ್ಲ ಕಣೋ! ಯಾಕಂತ ಒಂದು ಸಲನಾದ್ರೂ ಕೇಳು. ರೈಲು ಹೋಗೋದನ್ನ ನೋಡ್ಕೊಂಡು ನಿಂತ್ಕೊಳ್ಳೋದು ಬಿಟ್ಟು ಬೇರೆ ಏನೂ ಬರಲ್ವಾ ನಿಂಗೆ?"

ಭೈರೇಶನ ಕೈಲಿದ್ದ ಕಾಯಿ ಜಾರಿತು. ಕಣ್ಣು ತುಂಬಿತು.

"ನನ್ ಹತ್ರ ಏನೂ ಇಲ್ಲ ಕಣೇ. ಈ ತೋಟನೂ ನಂದಲ್ಲ. ಅದಕ್ಕೇ ಅವತ್ತೂ ಬಾಯಿ ಬಿಡ್ಲಿಲ್ಲ… ನೀನಂದ್ರೆ ಇಷ್ಟ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?"

"ಈಗ ಹೇಳಿದ್ಯಲ್ಲ, ಈ ಮುಖನೇ ಸಾಕು."

ಕೆಳಗಿಂದ ತಾತ ಕೂಗಿದರು. "ಲೇ, ಇಳಿಸ್ಬೇಕಾ, ಮತ್ತೆ ಏರಿಸ್ಬೇಕಾ? ಒಂದು ಹೇಳ್ರೋ, ಸೊಂಟ ಬಿದ್ದೋಯ್ತು!"

"ಏರಿಸಿ ತಾತ!" ಇಬ್ಬರೂ ಒಟ್ಟಿಗೇ ಅಂದರು.

ಪಿಕಪ್ ಖಾಲಿಯಾಗಿ ಹೋಯಿತು. ಸಾವುಕಾರರು ಹೇಳಿದ್ದು ಸುಳ್ಳಲ್ಲ, ಮುಂದಿನ ತಿಂಗಳು ರೇಟು ದಬಕ್ಕನೆ ಬಿತ್ತು. ಶಕುಂತಲಮ್ಮ ಎರಡು ದಿನ ಮಗಳ ಹತ್ತಿರ ಮಾತು ಬಿಟ್ಟರು. ಆದರೆ ಅವತ್ತು ಅಟ್ಟದ ಮೇಲೆ, ಅವನ ತಲೆಯ ನಾರು ಒಂದೊಂದಾಗಿ ಆಯುತ್ತ, ಭುವನಾ ಮೆಲ್ಲಗೆ ಕೇಳಿದ್ದು ಇಷ್ಟೇ.

"ಅಮ್ಮನ ಹತ್ರ ಯಾರು ಮಾತಾಡ್ತಾರೆ?"

"ನಾನೇ ಬತ್ತೀನಿ. ನಾಳೆನೇ."

"ಬಯ್ತಾಳೆ."

"ಬಯ್ಲಿ. ಪಕ್ಕದಲ್ಲಿ ನೀನು ಕೂತಿರು, ಸಾಕು."

ಹೇಳಿ… ಕೈಗೆ ಬಂದ ಡಬಲ್ ದುಡ್ಡು ಒಂದು ಕಡೆ, ಅರ್ಧ ಒಣಗಿದ ಕಾಯಿ, ಬಾಯಿ ಬಿಡದ ಹುಡುಗ ಇನ್ನೊಂದು ಕಡೆ. ಆ ಏಣಿಯ ಬುಡದಲ್ಲಿ ನೀವು ನಿಂತಿದ್ದರೆ ಏನು ಮಾಡುತ್ತಿದ್ದಿರಿ?