ಕರಿಕೋಟೆಯ ಹಾಸು, ಒಂದು ಹಿಡಿ ರಾಗಿ

ಬಹಳ ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ಹಂಸಾವತಿ ಅಂತ ಒಂದು ರಾಜ್ಯ ಇತ್ತು. ಆ ರಾಜ್ಯದಲ್ಲಿ ನಂಜವ್ವ ಅನ್ನೋ ತಾಯಿ, ಅವಳ ಮಗಳು ಹೊನ್ನಾಜಿ, ಮಗ ಚೆನ್ನಿಗ. ರಾಗಿ ಬೀಸಿ ಬದುಕುವ ಮೂರು ಜನದ ಸಂಸಾರ.

ನಂಜವ್ವನದು ಒಂದು ಪದ್ಧತಿ. ಗುಡಾಣದಿಂದ ಎಷ್ಟೇ ರಾಗಿ ತೆಗೆಯಲಿ, ತಳದಲ್ಲಿ ಒಂದು ಹಿಡಿ ಬಿಡುತ್ತಿದ್ದಳು. ಬರಿದು ಮಾಡಬಾರದು ಅನ್ನೋಳು. ಒಂದು ವರ್ಷ ಹೊಳೆ ಉಕ್ಕಿ ಊರೆಲ್ಲ ಮುಳುಗಿತು. ಮಕ್ಕಳು ಹಸಿದು ಹಸಿದು ಅಳುವುದನ್ನೂ ಬಿಟ್ಟು ಸುಮ್ಮನೆ ಮಲಗಿದವು. ಆಗ ನಂಜವ್ವ ಗುಡಾಣಕ್ಕೆ ಕೈ ಹಾಕಿ ಆ ಹಿಡಿಯನ್ನೂ ತೆಗೆದು ಅಂಬಲಿ ಕಾಸಿದಳು.

"ಬರಿದು ಮಾಡಬಾರದು ಅಂತಿದ್ದೆಯಲ್ಲವ್ವ?" ಅಂದಳು ಹೊನ್ನಾಜಿ.

"ಇಟ್ಟಿದ್ದು ಈ ದಿನಕ್ಕೇ ಕಣೆ. ಕುಡಿ."

ಮಕ್ಕಳು ದೊಡ್ಡವರಾದರು. ಚೆನ್ನಿಗ ರಾಜನ ದಂಡಿಗೆ ಸೇರಿದ. ಒಂದು ದಿನ ಬೆಳಗಾದಾಗ ದಂಡಿಗೆ ದಂಡೇ ಇಲ್ಲ. ಈಟಿಗಳು ಗೋಡೆಗೆ ಒರಗಿದ್ದವು, ತಟ್ಟೆಯಲ್ಲಿ ಮುದ್ದೆ ಇನ್ನೂ ಹಬೆಯಾಡುತ್ತಿತ್ತು, ತಿನ್ನುವವರು ಮಾತ್ರ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸವಾರನಿಲ್ಲದ ಒಂದು ಕಪ್ಪು ಕುದುರೆ ಬೀದಿಗೆ ಬಂತು. ಅದರ ಬೆನ್ನ ಮೇಲಿದ್ದ ತಮಟೆ ತಾನೇ ಬಡಿದುಕೊಂಡು ತಾನೇ ಮಾತಾಡಿತು.

"ನಿಮ್ಮವರು ಮಬ್ಬುರಾಯನ ಕರಿಕೋಟೆಯಲ್ಲಿದ್ದಾರೆ. ಭೂಮಂಡಲದಾಟ ಆಡಿ ಗೆದ್ದು ಕರಕೊಂಡು ಹೋಗಿ."

ಮಂತ್ರಿ ಹೋದ, ಬರಲಿಲ್ಲ. ರಾಜ ಹೋದ, ಬರಲಿಲ್ಲ. ಹೋದವರು ಸೋತಂತೆಲ್ಲ ಒಂದೊಂದು ಸೀಮೆ ಸ್ತಬ್ಧವಾಯಿತು. ಅಲ್ಲಿ ಹಕ್ಕಿ ಕೂಗಲಿಲ್ಲ, ಕರು ಅಂಬಾ ಅನ್ನಲಿಲ್ಲ, ಒಲೆಯಲ್ಲಿ ಉರಿ ಹತ್ತಲಿಲ್ಲ.

ಕೊನೆಗೆ ಹೊನ್ನಾಜಿ ಹೊರಟಳು. ನಂಜವ್ವ ಅವಳ ಸೆರಗಿನಲ್ಲಿ ಒಂದು ಹಿಡಿ ರಾಗಿ ಕಟ್ಟಿ, "ತಮ್ಮನ್ನ ಕರಕೊಂಡು ಬಾ" ಅಂದಳು.

ಕರಿಕೋಟೆಯೊಳಗೆ ಹಗಲಿಗೆ ಜಾಗ ಇರಲಿಲ್ಲ. ನಡುಮನೆಯಲ್ಲಿ ಮಬ್ಬುರಾಯ ಕೂತಿದ್ದ. ಅವನ ಕಣ್ಣಿಗೆ ರೆಪ್ಪೆ ಇರಲಿಲ್ಲ. ಅವನ ಮುಂದೆ ಒಂದು ಬಟ್ಟೆಯ ಹಾಸು. ಹಾಸಿನ ಮೇಲೆ ಇಡೀ ಭೂಮಿ ಬರೆದಿತ್ತು, ಒಂದೊಂದು ಸೀಮೆಯೂ ಒಂದೊಂದು ಮನೆ. ಮನೆಗಳ ತುಂಬ ಹೆಬ್ಬೆರಳುದ್ದದ ಕಲ್ಲಿನ ಕಾಯಿಗಳು. ಹಿಂದಿನ ಗೋಡೆ ಮೇಲೆ ಮೊಸಳೆಯಷ್ಟು ದೊಡ್ಡ ಹಲ್ಲಿ.

ಹೊನ್ನಾಜಿ ಬಗ್ಗಿ ನೋಡಿದಳು. ಒಂದು ಕಾಯಿಗೆ ಚೆನ್ನಿಗನ ಮುಖ ಇತ್ತು.

"ಅಕ್ಕಾ, ಓಡಿ ಹೋಗು" ಅಂತು ಅದು, ಸೊಳ್ಳೆಯಂಥ ದನಿಯಲ್ಲಿ.

ಮಬ್ಬುರಾಯ ನಕ್ಕ. "ಓಡೋಕೆ ಬಾಗಿಲು ಎಲ್ಲಿದೆ? ಕೂತ್ಕೋ ಹುಡುಗಿ. ಮೂರು ಆಟ. ಒಂದು ಗೆದ್ದರೂ ಎಲ್ಲರೂ ನಿನ್ನವರು. ಮೂರೂ ಸೋತರೆ ನೀನೂ ನನ್ನ ಕಾಯಿ."

"ನನಗೆ ಆಡೋಕೆ ಬರೋದಿಲ್ಲ."

"ಆಟಕ್ಕೊಂದು ಪ್ರಶ್ನೆ ಕೇಳು, ಹೇಳ್ತೀನಿ. ಇಲ್ಲಿ ನಿಜ ಆಡಿದರೆ ಹಲ್ಲಿ ಲೊಚಗುಟ್ಟುತ್ತೆ. ಸುಳ್ಳಾಡಿದರೆ ನುಂಗುತ್ತೆ, ನಾನಾದರೂ ಸರಿ ನೀನಾದರೂ ಸರಿ. ಈ ಕೋಟೆ ಕಟ್ಟುವಾಗ ಬಿದ್ದ ಕಟ್ಟಳೆ."

ಹಲ್ಲಿ ಲೊಚಗುಟ್ಟಿತು.

"ಆಡೋದು ಹೇಗೆ?" ಅಂತ ಕೇಳಿದಳು ಹೊನ್ನಾಜಿ.

"ದಾಳ ಎಸಿ. ದೊಡ್ಡದು ಬಿದ್ದವನು ಪಕ್ಕದ ಮನೆ ಗೆಲ್ತಾನೆ. ಸೋತ ಕಾಯಿ ಈ ಮಡಕೆಗೆ. ಮನೆ ಹೆಚ್ಚಿದಷ್ಟೂ ಹೊಸ ಕಾಯಿ ಸಿಗುತ್ತೆ. ನನಗೆ ಕರಿಕೋಟೆ, ನಿನಗೆ ಹಂಸಾವತಿ, ನಿಮ್ಮವರೇ ನಿನ್ನ ಕಾಯಿ. ಯಾರ ಕೋಟೆಗೆ ಇನ್ನೊಬ್ಬರ ಕಾಯಿ ಹೊಕ್ಕುತ್ತೋ ಅವರು ಸೋತ ಹಾಗೆ."

ಹಲ್ಲಿ ಲೊಚಗುಟ್ಟಿತು.

ಹೊನ್ನಾಜಿ ಆಡಿದಳು. ಒಂದು ಸೀಮೆ ಗೆದ್ದಳು, ಎರಡು ಗೆದ್ದಳು, ಇದು ಸಲೀಸು ಅನ್ನಿಸಿತು. ದಂಡನ್ನೆಲ್ಲ ಮುಂದಕ್ಕೆ ಮುಂದಕ್ಕೆ ನೂಕಿದಳು. ಮಬ್ಬುರಾಯ ಸುಮ್ಮನೆ ಸುತ್ತುಹಾಕಿ ಬಂದು, ಕಾಯುವವರಿಲ್ಲದ ಹಂಸಾವತಿಗೆ ಹೊಕ್ಕ. ಮಡಕೆಯೊಳಗೆ ಬಿದ್ದವರ ನರಳಾಟ ಕೇಳಿತು. ಹೊನ್ನಾಜಿಯ ಪಾದದಿಂದ ತಣ್ಣಗೆ ಏನೋ ಹತ್ತಿತು. ನೋಡಿದರೆ ಮೊಣಕಾಲಿನವರೆಗೆ ಕಲ್ಲು.

ಎರಡನೇ ಆಟಕ್ಕೆ ಕೇಳಿದಳು, "ನಾನು ಸೋತಿದ್ದು ಯಾಕೆ?"

"ಲೋಕ ಗೆಲ್ಲೋಕೆ ಹೋಗಿ ಮನೆ ಕಾಯಲಿಲ್ಲ."

ಹಲ್ಲಿ ಲೊಚಗುಟ್ಟಿತು.

ಹಾಗಾದರೆ ಕಾಯ್ತೀನಿ ಅಂತ ಅವಳು ಎಲ್ಲ ಕಾಯಿಗಳನ್ನೂ ಹಂಸಾವತಿಗೇ ತುಂಬಿದಳು. ಕಾಯಿಗೆ ಕಾಯಿ ತಾಗುವಷ್ಟು ತುಂಬಿದಳು. ಅತ್ತ ಮಬ್ಬುರಾಯ ಕೇಳುವವರಿಲ್ಲದೆ ಒಂದೊಂದೇ ಸೀಮೆ ನುಂಗಿದ. ಸೀಮೆ ಹೆಚ್ಚಿದಷ್ಟೂ ಅವನ ಕಾಯಿ ಹೆಚ್ಚಿದವು. ಕೊನೆಗೆ ಇರುವೆ ಸಾಲಿನ ಹಾಗೆ ನಾಲ್ಕೂ ದಿಕ್ಕಿನಿಂದ ಬಂದು ಮುತ್ತಿದ. ಕಲ್ಲು ಹೊನ್ನಾಜಿಯ ಸೊಂಟಕ್ಕೆ ಬಂತು. ಅಳಬೇಕು ಅಂದರೂ ಹೊಟ್ಟೆಯಿಂದ ಉಸಿರು ಏಳಲಿಲ್ಲ.

"ಇನ್ನೊಂದೇ ಪ್ರಶ್ನೆ" ಅಂದ ಮಬ್ಬುರಾಯ. "ನಿಮ್ಮ ರಾಜ ಈ ಹೊತ್ತಿಗೆ ನನ್ನ ಕಾಲು ಹಿಡಿದಿದ್ದ. ನೀನು ಹಿಡಿಯೋದಿಲ್ವ?"

"ಬಗ್ಗೋಕೆ ಸೊಂಟ ಎಲ್ಲಿ ಬಿಟ್ಟಿದೀಯ?" ಅಂದಳು ಹೊನ್ನಾಜಿ.

ಹಾಗಂದು ಸೆರಗು ಎಳೆದುಕೊಂಡಳು. ಕೈಗೆ ಸೆರಗಿನ ಗಂಟು ಸಿಕ್ಕಿತು. ಗಂಟಿನೊಳಗೆ ರಾಗಿ. ತಾಯಿಯ ಗುಡಾಣ ನೆನಪಾಯಿತು.

"ಮನೆ ಬರಿದು ಮಾಡಿದರೆ ಏನಾಗುತ್ತೆ?" ಅಂತ ಕೇಳಿದಳು.

ಮಬ್ಬುರಾಯ ತಡೆದ. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಹಲ್ಲಿ ಗೋಡೆಯಿಂದ ಒಂದು ಹೆಜ್ಜೆ ಕೆಳಗೆ ಸರಿಯಿತು.

"ಬರಿದಾದ ಮನೆಗೆ ದಾಳ ಬೇಡ" ಅಂದ ಹಲ್ಲು ಕಚ್ಚಿ. "ಪಕ್ಕದ ಮನೆಯ ಕಾಯಿ ನಡಕೊಂಡು ಹೋಗಿ ಕೂರಬಹುದು."

ಹಲ್ಲಿ ಲೊಚಗುಟ್ಟಿತು.

ಮೂರನೇ ಆಟ ಶುರುವಾಯಿತು. ಹೊನ್ನಾಜಿ ಈ ಸಲ ಓಡಲಿಲ್ಲ, ಬಚ್ಚಿಟ್ಟುಕೊಳ್ಳಲೂ ಇಲ್ಲ. ಒಂದು ಮನೆ ಗೆದ್ದರೆ ಅಲ್ಲೊಬ್ಬರನ್ನು ಬಿಟ್ಟು ಮುಂದೆ ಹೋದಳು. ಇನ್ನೊಂದು ಗೆದ್ದರೆ ಅಲ್ಲೂ ಒಬ್ಬರನ್ನು ಬಿಟ್ಟಳು. ಕರಿಕೋಟೆಗೆ ತಾಗಿದ ಉಪ್ಪಿನದಿಬ್ಬದಲ್ಲಿ ಚೆನ್ನಿಗನನ್ನು ಇಟ್ಟು, "ಇಲ್ಲೇ ಕೂತಿರು" ಅಂದಳು.

"ಒಬ್ಬನೇನಾ ಅಕ್ಕ?"

"ಒಬ್ಬನೇ. ಸುಮ್ಮನಿರು."

"ಈ ನೊಣಕ್ಕೆ ನಾನು ದಾಳ ಎಸೆಯೋದಿಲ್ಲ" ಅಂದ ಮಬ್ಬುರಾಯ. "ಅಕ್ಕ ಕಲ್ಲಾಗೋದನ್ನ ತಮ್ಮ ನೋಡಬೇಕು. ಅದಕ್ಕೇ ಬಿಟ್ಟಿದೀನಿ."

ಆಟ ಬಹಳ ಹೊತ್ತು ನಡೆಯಿತು. ದಾಳ ಉರುಳಿದಾಗೆಲ್ಲ ಕಾಯಿಗಳು ಕಿರುಚಿದವು. ಅಂದು ಕೆಟ್ಟ ದಾಳಗಳೆಲ್ಲ ಹೊನ್ನಾಜಿಗೇ ಬಿದ್ದವು. ಮಂತ್ರಿ ಮಡಕೆಗೆ ಹೋದ. ಅವಳಿಗೆ ಗುರುತಿದ್ದ ಒಬ್ಬೊಬ್ಬರೇ ಹೋದರು. ಹಂಸಾವತಿಯಲ್ಲಿ ಉಳಿದದ್ದು ರಾಜನೊಬ್ಬನೇ, ಕಿರೀಟ ಕಿವಿಗೆ ಜಾರಿ ಗಡಗಡ ನಡುಗುತ್ತಿದ್ದ.

ಮಬ್ಬುರಾಯನ ರೆಪ್ಪೆಯಿಲ್ಲದ ಕಣ್ಣಲ್ಲಿ ಆಸೆ ಉರಿಯಿತು. ರಾಜನೊಬ್ಬನಿಗೆ ಅವನ ಮುಂದಿನ ದಂಡೇ ಸಾಕಾಗಿತ್ತು. ಆದರೆ ದಾಳವನ್ನು ನಂಬುವವನಲ್ಲ ಅವನು. ಒಂದೊಂದು ಮನೆಯಿಂದಲೂ ಕಾಯಿ ಬಾಚಿ ತಂದು ಹಂಸಾವತಿಯ ಸುತ್ತ ಸುರಿದ. ಇನ್ನೂ ಸಾಲದು ಅಂತ ಕರಿಕೋಟೆಯ ಕಾವಲಿನವರನ್ನೂ ಬಾಚಿದ.

"ನಿನ್ನ ಕೋಟೆ ಬರಿದಾಯ್ತಲ್ಲ" ಅಂದಳು ಹೊನ್ನಾಜಿ, ಮೆಲ್ಲಗೆ.

"ಆಗಲಿ. ಪಕ್ಕದಲ್ಲಿರೋದು ಆ ನೊಣ. ಅವನು ಎದ್ದರೆ ದಿಬ್ಬ ಬರಿದಾಗುತ್ತೆ. ಈ ಆಟ ಶುರುವಾದಾಗಿಂದ ನೋಡ್ತಿದೀನಿ, ನೀನು ಒಂದು ಮನೇನೂ ಬರಿದು ಮಾಡಿಲ್ಲ. ಸರದಿ ನಿನ್ನದು. ಕೊನೇದು, ಬೇಗ ಮುಗಿಸು."

ಹೊನ್ನಾಜಿಯ ಕೈ ಉಪ್ಪಿನದಿಬ್ಬಕ್ಕೆ ಹೋಯಿತು. ಚೆನ್ನಿಗನನ್ನು ಎತ್ತಿಕೊಂಡಳು.

"ಅಕ್ಕಾ, ಮನೆ ಬರಿದಾಗುತ್ತೆ" ಅಂದ ಅವನು, ಹೆದರಿ.

"ಇಟ್ಟಿದ್ದು ಈ ದಿನಕ್ಕೇ ಕಣೋ" ಅಂದಳು ಅಕ್ಕ. ಅವನನ್ನು ಕರಿಕೋಟೆಯ ನಡುವೆ ಇಟ್ಟಳು.

ಸದ್ದೆಲ್ಲ ನಿಂತುಹೋಯಿತು. ಮಡಕೆಯ ನರಳಾಟವೂ ನಿಂತಿತು.

ಮಬ್ಬುರಾಯ ಹಾಸನ್ನೇ ನೋಡಿದ. ಅವನ ತುಟಿ ಬಿಳಚಿಕೊಂಡಿತು. "ಇಲ್ಲ" ಅಂದ. "ನಾನು ಸೋತಿಲ್ಲ."

ಹಲ್ಲಿ ಲೊಚಗುಟ್ಟಲಿಲ್ಲ.

ಅವನಿಗೆ ತಾನು ಏನಂದೆ ಅಂತ ಗೊತ್ತಾಗುವಷ್ಟರಲ್ಲಿ ಹಲ್ಲಿ ಗೋಡೆ ಬಿಟ್ಟು ಇಳಿದಿತ್ತು. ನಾಲಿಗೆ ಚಾಚಿತು, ಒಳಗೆಳೆದುಕೊಂಡಿತು. ಮಬ್ಬುರಾಯ ಕೂತಿದ್ದ ಜಾಗದಲ್ಲಿ ಬರೀ ದೂಳು.

ಮಡಕೆ ಒಡೆಯಿತು. ಕಲ್ಲು ಕರಗಿತು. ಕಾಯಿಗಳೆಲ್ಲ ಎದ್ದು ಆಳೆತ್ತರ ಆದವು. ನಡುಮನೆ ತುಂಬ ಜನ, ಕಾಲು ಇಡಲು ಜಾಗ ಇಲ್ಲ. "ಯಾರಯ್ಯಾ ನನ್ನ ಕಾಲು ತುಳಿದಿದ್ದು?" ಅಂತ ರಾಜನೇ ಕೂಗಿದ. ಸ್ತಬ್ಧವಾಗಿದ್ದ ಸೀಮೆಗಳಲ್ಲಿ ಕರುಗಳು ಅಂಬಾ ಅಂದವು, ಒಲೆಗಳು ಹತ್ತಿಕೊಂಡವು. ಚೆನ್ನಿಗ ಅಕ್ಕನ ಕೈ ಹಿಡಿದವನು ಮನೆ ಬಾಗಿಲು ಕಾಣುವವರೆಗೂ ಬಿಡಲಿಲ್ಲ.

ಹಾಸನ್ನು ಹೊನ್ನಾಜಿ ಹೊಳೆಯಲ್ಲಿ ಒಗೆದಳು. ಬರೆದಿದ್ದ ಸೀಮೆಗಳೆಲ್ಲ ನೀರಲ್ಲಿ ಹರಿದುಹೋದವು. ಉಳಿದ ಬಟ್ಟೆ ನಂಜವ್ವನ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ ಆಯಿತು. ಹಲ್ಲಿಯೂ ಹಿಂದೆಯೇ ಬಂತು. ಬರುಬರುತ್ತಾ ಚಿಕ್ಕದಾಗಿ ಗೋಡೆ ಮೇಲೆ ಕೂತಿತು. ಈಗಲೂ ಯಾರಾದರೂ ನಿಜ ನುಡಿದರೆ ಲೊಚಗುಟ್ಟುತ್ತೆ, ಕೇಳಿ ನೋಡಿ.

ನಂಜವ್ವ ಸೆರಗಿನ ಗಂಟು ಬಿಚ್ಚಿ ಆ ಹಿಡಿ ರಾಗಿಯನ್ನು ತಿರುಗಿ ಗುಡಾಣದ ತಳಕ್ಕೆ ಹಾಕಿದಳು. ಅವರ ಗುಡಾಣದಲ್ಲಿ ಅದು ಉಳಿಯಿತು. ನಮ್ಮ ನಿಮ್ಮ ಮನೆಯಲ್ಲೂ ಒಂದು ಹಿಡಿ ಉಳಿಯಲಿ.