ಮನುಷ್ಯ ಕಣ್ಣು ಮುಚ್ಚಿದರೆ

“ಕಾಪಾಡಿ ಅನ್ನು,” ಎಂದಳು ಅಕ್ಕ, ಗೋಡೆಯ ಮೇಲಿನಿಂದ.

“ಅಂದೆನಲ್ಲ,” ಎಂದಳು ಕಡ್ಡಿ, ಕೆಳಗಿನಿಂದ.

“ಜೋರಾಗಿ ಅನ್ನು. ಅಂಗಡೀಲಿ ಸೋಪು ಕೇಳೋ ಹಾಗೆ ಕೇಳಿದ್ರೆ ಯಾವ ಏಂಜಲೂ ಬರಲ್ಲ.”

ಕಡ್ಡಿ ಮರಳಿನ ಗುಡ್ಡೆಯ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದಳು. ಅವಳು ಅಷ್ಟು ತೆಳ್ಳಗಿದ್ದುದರಿಂದ ಮನೆಯಲ್ಲೂ ಶಾಲೆಯಲ್ಲೂ ಎಲ್ಲರಿಗೂ ಕಡ್ಡಿಯೇ. ಅವಳ ಹಿಂದೆ ಸೌಂಡು ನಿಂತಿದ್ದ. ಮೂರನೇ ಮಹಡಿಯ ಈ ಹುಡುಗ ಮನೆಯೊಳಗೆ ಗುಟ್ಟು ಹೇಳಿದರೂ ಕೆಳಗೆ ರಸ್ತೆಯಲ್ಲಿ ಹೋಗುವವರು ತಲೆಯೆತ್ತಿ ನೋಡುತ್ತಿದ್ದರು. ಈಗ ಅವನ ತಲೆಯ ಮೇಲೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಎರಡು ಪೇಪರ್ ಕಪ್ಪುಗಳಿದ್ದವು. ಅವು ಕೊಂಬು. ಆದ್ದರಿಂದ ಅವನು ದೆವ್ವ.

ಅಕ್ಕನ ಬೆನ್ನಿಗೆ ಬಿಳಿಯ ಬೆಡ್‌ಶೀಟು. ಅಮ್ಮನ ಇಸ್ತ್ರಿ ಅಂಗಡಿಯ ಮೇಜಿಗೆ ಹಾಸಿ ಹಾಸಿ ಹಳೆಯದಾದದ್ದು. ಅದರ ನಟ್ಟನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದ ಒಂದು ಕಂದು ಕಲೆ. ಏಂಜಲ್ ತಿರುಗಿ ನಿಂತರೆ, ಯಾರೋ ಅವಳ ಬೆನ್ನಿಗೇ ಇಸ್ತ್ರಿ ಹಾಕಿ ಮರೆತು ಹೋದ ಹಾಗೆ ಕಾಣುತ್ತಿತ್ತು.

“ಕಾಪಾಡಿ,” ಎಂದು ಕಡ್ಡಿ ಕಿರುಚಿದಳು.

“ಹಾಂ. ಈಗ ನನ್ನನ್ನೇ ನೋಡು. ನೋಡ್ತಾ ಇದೀಯಾ?”

“ನೋಡ್ತಾ ಇದೀನಿ ಅಕ್ಕಾ. ಬೇಗ ಹಾರು, ಮೊಣಕಾಲು ನೋಯ್ತಿದೆ.”

ಅಕ್ಕ ಹಾರಿದಳು. ಮರಳು ಚಿಮ್ಮಿತು. ದೆವ್ವ ಸತ್ತಿತು. ಅದಕ್ಕೆ ಮಾತ್ರ ಬಹಳ ಹೊತ್ತು ಹಿಡಿಯಿತು. ಸೌಂಡು ಒಮ್ಮೆ ಸಾಯಲು ಶುರುಮಾಡಿದರೆ ಅಷ್ಟು ಸುಲಭಕ್ಕೆ ಮುಗಿಸುವವನಲ್ಲ.

ಇದೆಲ್ಲ ಶುರುವಾದದ್ದು ‘ರೆಕ್ಕೆ ಮತ್ತು ಕೊಂಬು’ ಎಂಬ ಟಿವಿ ಸೀರಿಯಲ್‌ನಿಂದ. ಅದರಲ್ಲಿ ಒಬ್ಬಳು ಏಂಜಲ್, ಒಬ್ಬ ದೆವ್ವ, ಒಬ್ಬಳು ಬಸ್ ಡ್ರೈವರ್. ಏಂಜಲ್ ಯಾವತ್ತೂ ನಗುವವಳಲ್ಲ. ದೆವ್ವ ಎಲ್ಲದಕ್ಕೂ ನಗುವವನು, ಬಸ್ಸಿನ ಕೀ ಕದ್ದು ಬಚ್ಚಿಡುವವನು. ಇಬ್ಬರಿಗೂ ಡ್ರೈವರಮ್ಮ ತಮ್ಮ ಕಡೆಗೇ ಬರಬೇಕು. ಲೋಕ ಉಳಿಸುವ ಮಾತು ಏನೇ ಆಡಲಿ, ಜಗಳ ನಡೆಯುವುದು ಬಸ್ಸಿನ ಮುಂದಿನ ಸೀಟಿಗಾಗಿಯೇ ಎಂದು ಅಮ್ಮ ಹೇಳುತ್ತಿದ್ದಳು.

ಆಟದಲ್ಲಿ ಅಕ್ಕ ಯಾವಾಗಲೂ ಏಂಜಲ್. ಸೌಂಡು ಯಾವಾಗಲೂ ದೆವ್ವ. ಕಡ್ಡಿ ಯಾವಾಗಲೂ ಮನುಷ್ಯ. ಮನುಷ್ಯರ ಕೆಲಸವೆಂದರೆ ಮೊಣಕಾಲೂರುವುದು, ಕಿರುಚುವುದು, ದೆವ್ವ ಎಳೆದ ಕಡೆಗೆ ಹೋಗುವುದು, ಕೊನೆಗೆ ಏಂಜಲ್‌ಗೆ ಥ್ಯಾಂಕ್ಸ್ ಹೇಳುವುದು.

“ನಾನು ಯಾವಾಗ ಏಂಜಲ್ ಆಗೋದು?” ಎಂದು ಕಡ್ಡಿ ಕೇಳಿದಳು.

“ನೀನು ಮನುಷ್ಯ ಆಗಿ ಎಷ್ಟು ಚೆನ್ನಾಗಿ ಮಾಡ್ತೀಯಾ ಗೊತ್ತಾ,” ಎಂದಳು ಅಕ್ಕ, ಬೆಡ್‌ಶೀಟು ಕೊಡವುತ್ತ.

“ಫುಲ್ ನ್ಯಾಚುರಲ್,” ಎಂದ ಸೌಂಡು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನು ತಿರುಗಿ ನೋಡಿದ.

ಆ ವಾರದ ಕಂತಿನಲ್ಲಿ ಬಸ್‌ಸ್ಟ್ಯಾಂಡಿನ ಮೇಲೆ, ಗಾಳಿಯಲ್ಲಿ, ದೊಡ್ಡ ಕಾಳಗ ನಡೆಯಿತು. ಏಂಜಲ್ ಕತ್ತಿ ಬೀಸಿದಳು. ದೆವ್ವ ಬೆಂಕಿ ಉಗುಳಿದ. ಡ್ರೈವರಮ್ಮನಿಗೆ ಸಾಕುಸಾಕಾಗಿ ಹೋಯಿತು. ಸ್ಟೇರಿಂಗ್ ಮೇಲೆ ಕೈಯಿಟ್ಟು ಗಟ್ಟಿಯಾಗಿ ಕಣ್ಣು ಮುಚ್ಚಿದಳು. ಅಷ್ಟೇ. ಇಬ್ಬರೂ ಒಣಗಲು ಹಾಕಿದ ಬಟ್ಟೆಯ ಹಾಗೆ ಗಾಳಿಯಲ್ಲೇ ನೇತಾಡುತ್ತ ನಿಂತುಬಿಟ್ಟರು. ಏಂಜಲ್ ಆಗಲಿ ದೆವ್ವವಾಗಲಿ, ಮನುಷ್ಯರು ನೋಡುತ್ತಿರುವವರೆಗೆ ಮಾತ್ರ ಅವರಿಗೆ ಶಕ್ತಿಯಂತೆ.

“ಜಾಣೆ,” ಎಂದಳು ಅಮ್ಮ, ಯಾರದೋ ಶರ್ಟು ಮಡಚುತ್ತ. “ನನಗೂ ಹಾಗೆ ಕಣ್ಣು ಮುಚ್ಚೋಕೆ ಐದು ನಿಮಿಷ ಸಿಕ್ಕಿದ್ರೆ ಸಾಕಿತ್ತು.”

ಅಂದು ಟಿವಿ ಆರಿಸಿದ ಮೇಲೂ ಕಡ್ಡಿಯ ಮುಖದಲ್ಲಿ ಒಂದು ನಗು ಉಳಿದಿತ್ತು. ಅಕ್ಕ ಅದನ್ನು ಗಮನಿಸಬೇಕಿತ್ತು.

ಮರುದಿನ ಸಂಜೆ ಅಕ್ಕ ಹೇಳುವ ಮೊದಲೇ ಕಡ್ಡಿ ಮೊಣಕಾಲೂರಿದಳು. ಕಿಟಕಿ ಗಾಜು ಅದುರುವ ಹಾಗೆ ಕಾಪಾಡಿ ಎಂದಳು. ಅಕ್ಕ ಖುಷಿಯಿಂದ ಗೋಡೆಯ ಮೇಲೆ ಕೈಯಗಲಿಸಿ ನಿಂತಳು.

“ಈಗ ನನ್ನನ್ನೇ ನೋಡು.”

ಕಡ್ಡಿ ಕಣ್ಣು ಮುಚ್ಚಿದಳು.

“ಏಯ್, ನೋಡೇ.”

“ಹಾರೋ ಹಾಗಿಲ್ಲ,” ಎಂದಳು ಕಡ್ಡಿ. “ರೂಲ್ಸು.”

ಸೌಂಡು ಅವಳನ್ನು ಎಳೆಯಲು ಒಂದು ಕಾಲು ಎತ್ತಿದ್ದ. “ನಾನೂ ನಿಲ್ಲಬೇಕಾ?”

“ನೀನೂ.”

ಇಬ್ಬರೂ ನಿಂತಲ್ಲೇ ನಿಂತರು. ಕಡ್ಡಿಗೆ ಏನೂ ಕಾಣುತ್ತಿರಲಿಲ್ಲ. ಆದರೂ ಅವಳ ಜೀವನದಲ್ಲಿ ಅಷ್ಟು ಚೆಂದದ ನೋಟ ಇನ್ನೊಂದಿರಲಿಲ್ಲ.

“ನನ್ನ ಮೂಗಿನ ಮೇಲೆ ನೊಣ ಕೂತಿದೆ,” ಎಂದ ಸೌಂಡು.

“ದೆವ್ವಕ್ಕೆ ನೊಣದ ಭಯವಾ?”

“ಭಯ ಅಲ್ಲ, ಕಚಗುಳಿ. ಒಂದು ಕಣ್ಣಾದ್ರೂ ಬಿಡೇ.”

ಕಡ್ಡಿ ದೊಡ್ಡ ಮನಸ್ಸು ಮಾಡಿ ಒಂದು ಕಣ್ಣು ಬಿಟ್ಟಳು. “ಅರ್ಧ ಶಕ್ತಿ. ಒಂದೇ ಕಾಲಲ್ಲಿ ಕುಣೀಬಹುದು.”

ದೆವ್ವ ಒಂಟಿ ಕಾಲಲ್ಲಿ ಕುಪ್ಪಳಿಸಿತು. ಕೊಂಬು ಕಿವಿಗೆ ಜಾರಿತು. ಅಕ್ಕ ಮಾತ್ರ ನಗಲಿಲ್ಲ. ಗೋಡೆಯ ಹಿಂಬದಿಯಿಂದ ಮೆಲ್ಲಗೆ ಇಳಿದು ಮನೆಗೆ ಹೋದಳು.

ಆಮೇಲೆ ಕಡ್ಡಿಯನ್ನು ಹಿಡಿಯುವವರೇ ಇಲ್ಲವಾದರು. ಅಕ್ಕ ತಟ್ಟೆ ತೊಳೆದು ತರುವಾಗ ದಾರಿಗೆ ಅಡ್ಡ ನಿಂತು ಕಣ್ಣು ಮುಚ್ಚಿದಳು. ಅಕ್ಕ ಬಚ್ಚಲ ಬಾಗಿಲು ತಳ್ಳುವಾಗ ಕಣ್ಣು ಮುಚ್ಚಿದಳು.

“ಅಮ್ಮಾ, ಇವಳಿಗೆ ಹೇಳು,” ಎಂದಳು ಅಕ್ಕ. “ಮನೇಲಿ ನಾನು ಏಂಜಲ್ ಅಲ್ಲ.”

“ಅದು ನಮಗೆಲ್ಲ ಗೊತ್ತಿರೋದೇ,” ಎಂದಳು ಅಮ್ಮ.

ಅಲ್ಲಿಗೆ ಅಕ್ಕನ ತಾಳ್ಮೆ ಮುಗಿಯಿತು. ಸಂಜೆ ಮರಳಿನ ಹತ್ತಿರ ಬಂದವಳೇ ಬೆಡ್‌ಶೀಟನ್ನು ಕಡ್ಡಿಯ ತಲೆಯ ಮೇಲೆ ಎಸೆದಳು.

“ತಗೋ. ಇವತ್ತು ನೀನೇ ಏಂಜಲ್. ನಾನೇ ಮನುಷ್ಯ.”

ಕಡ್ಡಿಗೆ ನಂಬಲಾಗಲಿಲ್ಲ. ಬೆಡ್‌ಶೀಟಿನ ತುದಿಗಳನ್ನು ಕತ್ತಿಗೆ ಗಂಟು ಹಾಕಿ, ಗೋಡೆಯ ಹಿಂದೆ ಪೇರಿಸಿದ್ದ ಇಟ್ಟಿಗೆಗಳ ಮೇಲೆ ಕಾಲಿಟ್ಟು, ದಡದಡನೆ ಗೋಡೆ ಹತ್ತಿದಳು. ಎದ್ದು ನಿಂತಳು. ಕೆಳಗೆ ನೋಡಿದಳು.

ಕೆಳಗಿನಿಂದ ನೋಡುವಾಗ ಆ ಗೋಡೆ ಸೌಂಡುವಿನ ಹೆಗಲಿಗೆ ಬರುತ್ತಿತ್ತು. ಮೇಲಿನಿಂದ ನೋಡಿದರೆ ಯಾರೋ ರಾತ್ರೋರಾತ್ರಿ ಅದರ ಮೇಲೆ ಇನ್ನೊಂದು ಗೋಡೆ ಕಟ್ಟಿದ ಹಾಗಿತ್ತು. ಅಷ್ಟು ದೊಡ್ಡ ಮರಳಿನ ಗುಡ್ಡೆ ತಲೆದಿಂಬಿನಷ್ಟಾಗಿತ್ತು. ಕಡ್ಡಿ ಬೆಡ್‌ಶೀಟಿನ ಎರಡು ಅಂಚನ್ನೂ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

“ಕಾಪಾಡಿ,” ಎಂದಳು ಅಕ್ಕ ರಾಗವಾಗಿ. ಮೊಣಕಾಲೂರಿ, ಕಡ್ಡಿಯ ಮುಖ ನೋಡಿ, ಕಣ್ಣು ಮುಚ್ಚಿದಳು. “ಹಾರೋ ಹಾಗಿಲ್ಲ. ರೂಲ್ಸು.”

ಸೌಂಡು ಹೊಟ್ಟೆ ಹಿಡಿದು ನಕ್ಕ. ಕಡ್ಡಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬದಲಿಗೆ ಅಕ್ಕನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

“ಮುಚ್ಕೊಂಡೇ ಇರು ಅಕ್ಕಾ,” ಎಂದಳು. “ಎಷ್ಟು ಹೊತ್ತು ಬೇಕಾದ್ರೂ ಮುಚ್ಕೋ. ನನಗೇನೂ ಬೇಜಾರಿಲ್ಲ.”

ದನಿ ಎಲ್ಲೋ ಮಧ್ಯದಲ್ಲಿ ಬಿರುಕು ಬಿಟ್ಟಿತು. ಅಕ್ಕ ಕಣ್ಣು ತೆರೆದಳು.

“ಈಗ ಶಕ್ತಿ ಬಂತು. ಹಾರು, ಹಾರು,” ಎಂದು ಸೌಂಡು ಕುಣಿದ. “ಇಲ್ಲ ಅಂದ್ರೆ ಜನ್ಮಪೂರ್ತಿ ಮನುಷ್ಯ.”

ಕಡ್ಡಿಗೆ ಗೊತ್ತಿತ್ತು. ಈಗ ಇಳಿದರೆ ಈ ಬೆಡ್‌ಶೀಟು ಮತ್ತೆ ಅವಳ ಹೆಗಲಿಗೆ ಬರುವುದಿಲ್ಲ. ಸೌಂಡು ಬಾಯಿ ತೆರೆದರೆ ಸಾಕು, ಎಲ್ಲ ಮಹಡಿಗೂ ಒಂದೇ ಸಲಕ್ಕೆ ಸುದ್ದಿ.

“ಹಿಂದಿನಿಂದ ಇಳಿದು ಬರ್ತೀಯಾ?” ಎಂದಳು ಅಕ್ಕ ಮೆಲ್ಲಗೆ. “ಯಾರಿಗೂ ಹೇಳಲ್ಲ.”

“ನಾನು ಹೇಳ್ತೀನಿ,” ಎಂದ ಸೌಂಡು.

“ನೀನು ಸತ್ತಿದೀಯಾ. ಸುಮ್ಮನೆ ಮಲಕ್ಕೋ.”

ಸಾಯುವ ಅವಕಾಶವನ್ನು ಸೌಂಡು ಎಂದೂ ಬಿಟ್ಟವನಲ್ಲ. ನರಳುತ್ತ ನೆಲಕ್ಕೆ ಒರಗಿದ.

ಅಕ್ಕ ಎದ್ದು ಮರಳಿನ ಅಂಚಿಗೆ ಬಂದು ನಿಂತಳು. ಕೈ ಚಾಚಲಿಲ್ಲ, ಬಾ ಅನ್ನಲಿಲ್ಲ. ತಲೆಯೆತ್ತಿ ಸುಮ್ಮನೆ ನೋಡಿದಳು. ರೆಪ್ಪೆ ಬಡಿಯಬಾರದೆಂದು ಕಣ್ಣನ್ನು ಎಷ್ಟು ಅಗಲಿಸಿದ್ದಳೆಂದರೆ ಅವುಗಳಲ್ಲಿ ನೀರಾಡತೊಡಗಿತು. ಏಂಜಲ್ ಅಲ್ಲ, ಕಪ್ಪೆಯ ಹಾಗೆ ಕಾಣುತ್ತಿದ್ದಳು. ಕಡ್ಡಿಗೆ ನಗು ಬಂತು. ಆ ನಗು ಮುಗಿಯುವುದರೊಳಗೆ ಹಾರಿಬಿಟ್ಟಳು.

ಕತ್ತಲು. ಕಿವಿಯಲ್ಲಿ ಗಾಳಿ. ಆಮೇಲೆ ಬಾಯಿ ತುಂಬ ಮರಳು.

“ಅಮ್ಮಾ, ಕಡ್ಡಿ ಹಾರಿದ್ಲು,” ಎಂದು ಕೂಗುತ್ತ, ಸತ್ತ ದೆವ್ವ ಎದ್ದು ಮೆಟ್ಟಿಲ ಕಡೆಗೆ ಓಡಿತು.

ಕಡ್ಡಿ ಮರಳು ಉಗುಳಿದಳು. ಕೈಕಾಲು ಎಲ್ಲ ಇದ್ದಲ್ಲೇ ಇದ್ದವು. “ಹೇಗಿತ್ತು ಅಕ್ಕಾ?”

“ಹಾರಿದ್ದು ನೀನು. ನನ್ನ ಕೇಳ್ತೀಯಲ್ಲ.”

“ನಾನು ಕಣ್ಣು ಮುಚ್ಕೊಂಡಿದ್ದೆ.”

ಅಕ್ಕ ಅವಳ ಕತ್ತಿನ ಗಂಟು ಬಿಚ್ಚಿ, ಬೆಡ್‌ಶೀಟು ಕೊಡವಿ, ಮಡಚತೊಡಗಿದಳು. ಎರಡು ಮಡಿಕೆ ಆದ ಮೇಲೆ, ಬೆಡ್‌ಶೀಟಿಗೇ ಹೇಳುವ ಹಾಗೆ ಹೇಳಿದಳು:

“ನಾನೂ.”

“ಯಾವತ್ತು?”

“ಪ್ರತಿ ಸಲ.”

ಕಡ್ಡಿ ಮರಳಿನಲ್ಲೇ ಕೂತಳು. ಅಷ್ಟು ಸಂಜೆಗಳಲ್ಲಿ ಅಕ್ಕ ಹಾರಿದ ಅಷ್ಟೂ ಹಾರಾಟಗಳು ಅವಳ ಕಣ್ಣಿಗೆ ಬಂದವು. ಬೆಡ್‌ಶೀಟಿನ ಎರಡು ಅಂಚು ಬಿಚ್ಚಿಕೊಂಡು, ಒಳಗೆ ಬಿಸಿಲು ತುಂಬಿಕೊಳ್ಳುತ್ತಿದ್ದ ರೀತಿ. ಕಾಲು ಗೋಡೆಯ ಮೇಲೂ ಇಲ್ಲದೆ ಮರಳಿನ ಮೇಲೂ ಇಲ್ಲದೆ ಇರುತ್ತಿದ್ದ ಆ ಒಂದು ಚೂರು ಹೊತ್ತು. ಒಂದು ಸಲ ಪಾರಿವಾಳವೊಂದು ಬೆದರಿ ಅಕ್ಕನ ಜೊತೆಗೇ ಹಾರಿತ್ತು. ಅಕ್ಕ ಅದರಲ್ಲಿ ಒಂದನ್ನೂ ನೋಡಿರಲಿಲ್ಲ. ಎಲ್ಲವೂ ಕಡ್ಡಿಯ ಹತ್ತಿರವೇ ಇದ್ದವು.

“ನೀನು ಹಾರಿದ್ರೆ ಹೇಗಿರುತ್ತೆ ಗೊತ್ತಾ?” ಎಂದಳು.

ಅಕ್ಕನ ಕೈ ನಿಂತಿತು. “ಹೇಗಿರುತ್ತೆ?”

ಕಡ್ಡಿ ನಾಲಿಗೆಯ ಮೇಲಿದ್ದ ಕೊನೆಯ ಮರಳಿನ ಕಾಳನ್ನು ತೆಗೆದು ನೋಡಿದಳು. ಅವಸರವೇನೂ ಇರಲಿಲ್ಲ.

“ಕೂತ್ಕೋ,” ಎಂದಳು, ಪಕ್ಕದ ಮರಳನ್ನು ಅಂಗೈಯಲ್ಲಿ ಸವರುತ್ತ. “ತುಂಬಾ ಇದೆ.”